ಎರಡು ಬಾಗಿಲ ನಡುವಿನ ಹನ್ನೆರಡು ನಿಮಿಷ

ಎರಡನೆಯ ಸಲವೂ ಕೆಂಪು ಬಂದಾಗ ಯಮನೂರಪ್ಪನಿಗೆ ಮೊದಲು ಅನ್ನಿಸಿದ್ದು ಯಂತ್ರ ಕೆಟ್ಟಿದೆ ಎಂದು. ಆಮೇಲೆ ಅನ್ನಿಸಿದ್ದು ಹೆಂಡತಿ ಮಗಳ ತಲೆ ಕೆಡಿಸಿದ್ದಾಳೆ ಎಂದು. ಮಗಳು ನಿಜವಾಗಿಯೂ ತನಗೆ ಅಂಜುತ್ತಿರಬಹುದು ಎನ್ನುವುದು ಎಲ್ಲದರ ಕೊನೆಗೆ ಬಂತು. ಬಂದದ್ದು ಹೋಗಲಿಲ್ಲ.

"ಎಪ್ಪತ್ತೆಂಟು," ಎಂದರು ಫರ್ಜಾನಾ ಮೇಡಂ. ಹಸ್ತಾಂತರ ಕೇಂದ್ರದ ಸಮಾಲೋಚಕಿ ಅವರು. ಕೆಟ್ಟ ಹೆಂಗಸಲ್ಲ, ಆದರೆ ದಿನಕ್ಕೆ ಇಪ್ಪತ್ತು ಮನೆಯ ಜಗಳ ಕಂಡು ಮುಖದ ಮೇಲೆ ಏನೂ ಉಳಿದಿರಲಿಲ್ಲ. "ಎಪ್ಪತ್ತು ದಾಟಿದ್ರೆ ಕೆಂಪು. ಹೋದ ಸಲ ಎಪ್ಪತ್ತೈದಿತ್ತು. ಸಾಲಾಗಿ ಎರಡಾದವು, ಯಮನೂರಪ್ಪ."

"ಎಣಿಸಾಕ ನನಗೂ ಬರ್ತೈತ್ರಿ."

"ಮೂರನೇದಾದ್ರೆ..."

"ಒಂದು ವರ್ಷ ಮಗಳ ಮಾರಿ ನೋಡಂಗಿಲ್ಲ. ಅದೂ ಗೊತ್ತೈತಿ. ಏನ್ ಮಾಡ್ಬೇಕು ಅನ್ನೋದಷ್ಟ ಗೊತ್ತಿಲ್ಲ. ಅದನ್ನ ಹೇಳ್ರಿ."

"ಮಗು ನಿಮಗೆ ಯಾಕೆ ಹೆದರ್ತದೆ ಅಂತ ನೀವೇ ಯೋಚಿಸ್ಬೇಕು," ಎಂದರು ಮೇಡಂ, ಮುಂದಿನ ಕಡತ ತೆರೆಯುತ್ತ.

ಈ ಕೇಂದ್ರಗಳು ಬರುವ ಮೊದಲು ಬೇರೆಯಾದ ಗಂಡಹೆಂಡತಿ ಮಕ್ಕಳನ್ನು ಒಪ್ಪಿಸಿಕೊಳ್ಳುತ್ತಿದ್ದದ್ದು ಬಸ್‌ಸ್ಟ್ಯಾಂಡಿನಲ್ಲಿ, ಠಾಣೆಯ ಕಟ್ಟೆಯ ಮೇಲೆ, ಯಾವುದೋ ಖಾನಾವಳಿಯ ಬಾಗಿಲಲ್ಲಿ. ಅಲ್ಲಿ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಕಡೆಯ ಸೋದರಮಾವ ಈ ಕಡೆಯ ಕಾಕಾನ ಅಂಗಿ ಹಿಡಿಯುತ್ತಿದ್ದ. ಮಗುವಿನ ಒಂದು ತೋಳು ಅವರ ಕೈಯಲ್ಲಿ, ಇನ್ನೊಂದು ಇವರ ಕೈಯಲ್ಲಿ. ಒಂದು ಊರಿನಲ್ಲಿ ಹೀಗೆ ಎಳೆದಾಡಿ ಮೂರು ವರ್ಷದ ಕೂಸಿನ ಭುಜದ ಕೀಲು ತಪ್ಪಿದ ಮೇಲೆ ಕೋರ್ಟಿಗೆ ಸಿಟ್ಟು ಬಂತು. ತಾಲ್ಲೂಕಿಗೊಂದು ಕೇಂದ್ರ ಎದ್ದಿತು. ಪೂರ್ವಕ್ಕೊಂದು ಗೇಟು, ಪಶ್ಚಿಮಕ್ಕೊಂದು ಗೇಟು, ನಡುವೆ ಎರಡು ಬಾಗಿಲಿನ ಒಂದು ಕೋಣೆ. ತಾಯಿ ತಂದೆ ಒಬ್ಬರನ್ನೊಬ್ಬರು ನೋಡುವಂತಿಲ್ಲ, ಮಾತಾಡುವಂತಿಲ್ಲ; ಹೊರಗೆಲ್ಲಾದರೂ ಸೇರಿದ್ದು ಗೊತ್ತಾದರೆ ಮಗುವನ್ನು ಇಟ್ಟುಕೊಳ್ಳುವ ಇಬ್ಬರ ಪಾಳಿಯೂ ರದ್ದು. ಮಗು ಒಂದು ಬಾಗಿಲಿಂದ ಒಳಗೆ ಬಂದು, ಹನ್ನೆರಡು ನಿಮಿಷ ಅಲ್ಲಿದ್ದು, ಇನ್ನೊಂದು ಬಾಗಿಲಿಂದ ಹೋಗಬೇಕು.

ಆ ಹನ್ನೆರಡು ನಿಮಿಷ ಮಗುವಿನ ಮಣಿಕಟ್ಟಿಗೆ ಒಂದು ಪಟ್ಟಿ ಇರುತ್ತದೆ. ಅಂಜಿದವರ ಬೆರಳು ತಣ್ಣಗಾಗುತ್ತವೆ, ಅಂಗೈ ಬೆವರುತ್ತದೆ, ನಾಡಿ ಓಡುತ್ತದೆ, ಉಸಿರು ಗಂಟಲಲ್ಲಿ ನಿಲ್ಲುತ್ತದೆ. ಪಟ್ಟಿ ಈ ನಾಲ್ಕನ್ನೂ ಅಳೆದು ಸೊನ್ನೆಯಿಂದ ನೂರರೊಳಗೆ ಒಂದು ಅಂಕ ಕೊಡುತ್ತದೆ. ಮೊದಲ ಹತ್ತು ನಿಮಿಷ ಒಬ್ಬರನ್ನು ಬಿಟ್ಟುಬಂದ ಸಂಕಟ ಇಳಿಯಲಿಕ್ಕೆ. ಕೊನೆಯ ಎರಡು ನಿಮಿಷದ ಅಂಕ, ಯಾರ ಕಡೆ ಹೋಗುತ್ತಿದೆಯೋ ಅವರ ಹೆಸರಿಗೆ. ನಡುವೆ ಯಾವಾಗಲಾದರೂ ತೊಂಬತ್ತೈದು ದಾಟಿದರೆ ಅಲ್ಲಿಗೇ ನಿಲ್ಲಿಸಿ ಕೆಂಪು ಬರೆಯುತ್ತಾರೆ. ದೊಡ್ಡವರು ಸುಳ್ಳು ಹೇಳಬಹುದು, ವಕೀಲರು ಹೇಳಬಹುದು, ಮಗುವಿನ ಅಂಗೈ ಹೇಳುವುದಿಲ್ಲ ಎಂದು ಆ ಪಟ್ಟಿ ಮಾಡಿದವರು ಕೋರ್ಟಿನ ಮುಂದೆ ಹೇಳಿದ್ದರು. ಕೋರ್ಟು ನಂಬಿತು. ಯಮನೂರಪ್ಪನೂ ನಂಬಿದ್ದ, ತನ್ನ ಅಂಕ ಎಪ್ಪತ್ತು ದಾಟುವ ತನಕ.

ಜನ ಸುಮ್ಮನೆ ಕೂರುತ್ತಾರೆಯೇ? ಹೊರಡುವ ಮೊದಲು ಮಕ್ಕಳಿಗೆ ಕೆಮ್ಮಿನ ಔಷಧಿ ಕುಡಿಸಿ ಮಂಪರು ಬರಿಸಿದರು; ಪಟ್ಟಿ ಅದನ್ನು ಹಿಡಿಯಿತು. ಧೈರ್ಯ ಹೇಳಿಕೊಡುವ ಟ್ಯೂಷನ್ನುಗಳು ಹುಟ್ಟಿದವು. ಮೊಬೈಲ್ ಅಂಗಡಿಗಳಲ್ಲಿ ನಕಲಿ ಪಟ್ಟಿಗಳು ಬಂದವು, ಮನೆಯಲ್ಲೇ ಕಟ್ಟಿ ಅಂಕ ನೋಡಿಕೊಳ್ಳಲಿಕ್ಕೆ. ಯಮನೂರಪ್ಪ ಅದನ್ನೊಂದು ತಂದಿದ್ದ.

* * *

ಅವನು ಗಂಗಾವತಿಯ ಒಂದು ರೈಸ್‌ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಇಪ್ಪತ್ತೆರಡು ವರ್ಷದಿಂದ ಅವನ ಕೆಲಸವೆಂದರೆ ಹಬೆಯ ಒತ್ತಡ ತೋರಿಸುವ ಮುಳ್ಳು ನೋಡುವುದು. ಭತ್ತದ ಹೊಟ್ಟಿನ ಬೆಂಕಿ, ಬೆಂಕಿಯ ಮೇಲೆ ನೀರು, ನೀರಿನಿಂದ ಹಬೆ, ಹಬೆಯಿಂದ ಕುಸುಬಲು ಅಕ್ಕಿ. ಮುಳ್ಳು ಹಸಿರಿನಲ್ಲಿದ್ದರೆ ಬೀಡಿ ಸೇದಬಹುದು. ಕೆಂಪಿನ ಕಡೆ ಹೊರಳಿದರೆ ಓಡಬೇಕು. ಆ ಸದ್ದಿನಲ್ಲಿ ಕೂಗಿ ಕೂಗಿ ಅವನಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು. ಮನೆಯಲ್ಲೂ ಕೂಗುತ್ತಿದ್ದ. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಾಟು ಎತ್ತಿ ಒಗೆದ. ಹೆಂಡತಿಗೆ ತಾಕಲಿಲ್ಲ, ಗೋಡೆಗೆ ಬಡಿಯಿತು. ಹುಲಿಗೆಮ್ಮ ಮಾರನೇ ದಿನ ಮಗಳನ್ನು ಕರೆದುಕೊಂಡು ಕಾರಟಗಿಗೆ ಅಣ್ಣನ ಮನೆಗೆ ಹೋದವಳು ಮತ್ತೆ ಬರಲಿಲ್ಲ. ಅವಳದೇನು ತಪ್ಪು ಎಂದು ಕೇಳಿದರೆ ಯಮನೂರಪ್ಪನ ಹತ್ತಿರ ನೂರು ಮಾತಿದ್ದವು, ಎಲ್ಲವೂ ಆ ತಾಟಿನ ಆಚೆಗೆ ಶುರುವಾಗುತ್ತಿದ್ದವು.

ತನುಜಾಗೆ ಈಗ ಎಂಟು ವರ್ಷ. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ. ಭಾನುವಾರ ಹನ್ನೊಂದಕ್ಕೆ ಕೇಂದ್ರ.

ಆ ವಾರ ಸೋಮವಾರ ಸಾಲೆಯಿಂದ ಬಂದವಳನ್ನು ಯಮನೂರಪ್ಪ ಕೂರಿಸಿಕೊಂಡ. ನಕಲಿ ಪಟ್ಟಿ ಕಟ್ಟಿದ. ಐವತ್ತೆರಡು.

"ನೋಡವ್ವ, ಅಂಜಿಕಿ ಬಂದ್ರ ಉಸುರು ಹಿಡೀಬೇಕು. ಒಳಗ ಎಳ್ಕೊಂಡು, ಮನಸ್ಸಿನ್ಯಾಗ ಹತ್ತು ಎಣಸು. ಆಮ್ಯಾಗ ಸಾವಕಾಶ ಬಿಡು. ಅಳು ಬಂದ್ರ ನುಂಗಿಬಿಡು. ಗೊತ್ತಾತಿಲ್ಲ?"

"ಹೂಂ."

"ಹಿಡಿ."

ಅವಳು ಉಸಿರು ಹಿಡಿದಳು. ಕೆನ್ನೆ ಉಬ್ಬಿತು. ಕಣ್ಣು ಪಟ್ಟಿಯ ಮೇಲೆ. ಐವತ್ತೊಂಬತ್ತು, ಅರವತ್ತನಾಲ್ಕು.

"ಇಳಸು. ಇಳಸು ಅಂದ್ರ ಏರಸ್ತಿಯಲ್ಲ."

ಎಪ್ಪತ್ತೊಂದು. ಪಟ್ಟಿ ಕೆಂಪಾಗಿ ಮಿನುಗಿತು. ಮಗಳು ಪಟ್ಟಿ ಬಿಟ್ಟು ಅವನ ಮುಖ ನೋಡಿದಳು. ಅವನು ಕೂಗಲಿಲ್ಲ. ಕೂಗಬಾರದೆಂದು ಹಲ್ಲು ಕಚ್ಚಿ ಹಿಡಿದಿದ್ದ, ಕತ್ತಿನ ನರ ಎದ್ದಿದ್ದವು. ಮಗುವಿಗೆ ಅದು ಕಾಣುವುದಿಲ್ಲವೇ?

"ಇರ್ಲಿ ಬಿಡು," ಎಂದ. "ಇನ್ನೊಮ್ಮೆ."

"ಅಪ್ಪಾ, ಅಲ್ಲಿ ಅವ್ವ..." ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು.

"ಅವ್ವ ಏನು?"

"ಹೇಳಂಗಿಲ್ಲ. ಆ ಮನಿ ಮಾತು ಈ ಮನ್ಯಾಗ ಹೇಳಂಗಿಲ್ಲ."

ಅದು ಕೇಂದ್ರದವರು ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸಿದ್ದ ನಿಯಮ. ತಂದೆತಾಯಿ ಮಕ್ಕಳ ಬಾಯಿಂದ ಗುಟ್ಟು ತೆಗೆದು ಕೋರ್ಟಿಗೆ ಒಯ್ಯುವುದನ್ನು ತಪ್ಪಿಸಲಿಕ್ಕೆ. ತನುಜಾ ಒಳ್ಳೆಯ ಹುಡುಗಿ, ನಿಯಮ ಎಂದರೆ ನಿಯಮ. ಅವ್ವನ ಮನೆಯಲ್ಲಿ ಬಲಮಗ್ಗುಲಿಗೆ ಮಲಗುತ್ತಿದ್ದಳು, ಅಪ್ಪನ ಮನೆಯಲ್ಲಿ ಗೋಡೆಯ ಕಡೆ ತಿರುಗಿ. ಅಲ್ಲಿ ಕಲಿತದ್ದನ್ನು ಅಲ್ಲೇ ಇಟ್ಟು ಬರುತ್ತಿದ್ದಳು, ಚಪ್ಪಲಿ ಬಿಟ್ಟುಬಂದ ಹಾಗೆ.

ಗುರುವಾರ ಅವನು ರೊಟ್ಟಿ ಬಡಿಯುತ್ತಿದ್ದಾಗ ತಿರುಗಿ ನೋಡಿದ. ಮಗಳು ಪುಸ್ತಕದ ಮುಂದೆ ಕೂತಿದ್ದಳು. ಮಣಿಕಟ್ಟಿನಲ್ಲಿ ಪಟ್ಟಿ ಇರಲಿಲ್ಲ. ಎರಡು ಬೆರಳು ಕತ್ತಿನ ನಾಡಿಯ ಮೇಲೆ ಒತ್ತಿ, ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದಳು. ಯಾರೂ ಹೇಳಿರಲಿಲ್ಲ. ಅಪ್ಪ ನೋಡಿದ್ದು ಕಂಡು ಬೆರಳು ತೆಗೆದು ಪುಟ ಮಗುಚಿದಳು.

ಯಮನೂರಪ್ಪ ಒಲೆಯ ಕಡೆ ತಿರುಗುವುದನ್ನು ಮರೆತ. ರೊಟ್ಟಿ ಹೊತ್ತಿತು.

* * *

ಭಾನುವಾರ ಮಗಳು ತಾಯಿಯ ಕಡೆ ಹೋದಳು. ಬುಧವಾರ ಬೆಳಿಗ್ಗೆ ಮಿಲ್ಲಿನಲ್ಲಿ ಮುಳ್ಳು ಏರತೊಡಗಿತು.

"ರಾಜಾಸಾಬ್, ಬೆಂಕಿ ಕಮ್ಮಿ ಮಾಡೋ," ಎಂದು ಯಮನೂರಪ್ಪ ಕೂಗಿದ. ಹೊಟ್ಟು ತಳ್ಳುವ ರಾಜಾಸಾಬ್ ಅವನಿಗಿಂತ ಹತ್ತು ವರ್ಷ ದೊಡ್ಡವನು, ಯಾವುದಕ್ಕೂ ಅವಸರ ಮಾಡದವನು.

"ಬಂದ್ ಮಾಡಿ ಐದು ನಿಮಿಷಾತು."

ಮುಳ್ಳು ಏರುತ್ತಲೇ ಇತ್ತು. ಯಮನೂರಪ್ಪ ಸಲಾಕೆ ಹಿಡಿದು ಕೆಂಡವನ್ನೇ ಹೊರಗೆ ಎಳೆಯತೊಡಗಿದ. ಮೈಮೇಲೆ ಬೆವರು ಸುರಿಯಿತು. ಮುಳ್ಳು ಕೆಂಪಿಗೆ ಹತ್ತಿ, ಮೇಲಿನ ರಕ್ಷಣೆಯ ವಾಲ್ವು ಕಿವಿ ಹರಿಯುವಂತೆ ಕೂಗಿ ಹಬೆ ಚಿಮ್ಮಿತು. ಅಂಗಳದ ಹೆಂಗಸರು ಮೊರ ಬಿಟ್ಟು ಓಡಿದರು.

ಸದ್ದು ನಿಂತ ಮೇಲೆ ರಾಜಾಸಾಬ್ ಮೇಲೆ ಹತ್ತಿ ನೋಡಿ ಇಳಿದು ಬಂದ. "ಬೆಂಕಿದೇನೂ ಇಲ್ಲಪ್ಪ. ಹಬೆ ಹೋಗೋ ವಾಲ್ವು ಜಾಮ್ ಆಗೈತಿ. ನೀ ಕೆಂಡಾ ಎಳದಿದ್ದ ಎಳದಿದ್ದು. ಸುಮ್ನ ಮೈ ಸುಟ್ಕೊಂಡಿ."

"ಮುಳ್ಳು ಕೆಂಪಿನ್ಯಾಗ ಇತ್ತಲೋ."

"ಮುಳ್ಳಿಗೇನು ಗೊತ್ತು, ಬೆಂಕಿ ಹೆಚ್ಚಾಗೈತೋ ದಾರಿ ಮುಚ್ಚೈತೋ? ಒತ್ತಡ ಎಷ್ಟೈತಿ ಅಷ್ಟ ಹೇಳ್ತೈತಿ. ಇಪ್ಪತ್ತು ವರ್ಷ ಮುಳ್ಳು ನೋಡಿದವಗ ನಾ ಹೇಳಬೇಕೇನು?"

ಯಮನೂರಪ್ಪ ಮುಂಗೈಯ ಬೊಬ್ಬೆಗೆ ನೀರು ಸುರಿದುಕೊಳ್ಳುತ್ತ ಆ ಮಾತನ್ನು ಅರ್ಧಕ್ಕೇ ಕೇಳಿಸಿಕೊಂಡ. ಆಗಲೇ ಕಾವಲುಗಾರ ಬಂದು, ಒಬ್ಬ ಹೆಂಗಸು ಭತ್ತ ಒಣಗಿಸುವ ಕಣದ ಹತ್ತಿರ ನಿಂತಿದ್ದಾಳೆ, ಹೆಸರು ಹೇಳುತ್ತಿಲ್ಲ ಎಂದ.

ಹುಲಿಗೆಮ್ಮ ಸೆರಗು ತಲೆಯ ಮೇಲೆಳೆದುಕೊಂಡು ಗೋಣಿಚೀಲದ ರಾಶಿಯ ಹಿಂದೆ ನಿಂತಿದ್ದಳು. ಒಂದೂವರೆ ವರ್ಷದ ಮೇಲೆ ಅವಳನ್ನು ಇಷ್ಟು ಹತ್ತಿರ ನೋಡಿದ್ದು. ಬಡವಾಗಿದ್ದಳು.

"ನಿನಗೇನು ತಲಿ ಕೆಟ್ಟೈತೇನು?" ಎಂದ ಅವನು. "ಯಾರಾರ ನೋಡಿದ್ರ ಇಬ್ಬರ ಪಾಳಿನೂ ಹೋಗ್ತೈತಿ."

"ಮೆಲ್ಲಗ ಮಾತಾಡು. ಇಡೀ ಮಿಲ್ಲಿಗೆ ಕೇಳಸ್ತೈತಿ." ಸಂಸಾರ ಮಾಡಿದಷ್ಟು ವರ್ಷ 'ನೀವು' ಎನ್ನುತ್ತಿದ್ದವಳು ಈಗ ಏಕವಚನಕ್ಕೆ ಇಳಿದಿದ್ದಳು. "ನಿನ್ನೆ ಹುಡುಗಿ ಅಡಿಗಿಮನ್ಯಾಗ ಬಿದ್ದಳು."

"ಬಿದ್ದಳು ಅಂದ್ರ?"

"ಎಚ್ಚರ ತಪ್ಪಿ ಬಿದ್ದಳು. ತುಟಿ ನೀಲಿ ಆಗಿತ್ತು. ನೀರು ಹೊಡದ ಮ್ಯಾಲ ಎದ್ದಳು. ಉಸುರು ಹಿಡದಿದ್ದಳು. ಕಣ್ಣಾರೆ ನೋಡೀನಿ, ಒಲಿ ಮುಂದ ನಿಂತು ಕೆನ್ನಿ ಉಬ್ಬಿಸ್ಕೊಂಡು. ಯಾರು ಕಲಿಸಿದ್ರು ಅಕಿಗೆ? ಹೇಳು, ಯಾರು?"

"ಈಗ ಹೆಂಗದಾಳ?"

"ಸಾಲಿಗೆ ಹೋಗ್ಯಾಳ. ಕೇಳಿದ್ದಕ್ಕ ಹೇಳು."

"ನಾನ," ಎಂದ. ಆಮೇಲೆ ಸಿಟ್ಟು ಒದ್ದುಕೊಂಡು ಬಂತು. "ಮತ್ತ ಒಳತುಟಿ ಕಚ್ಚೋದು? ನನ್ನ ಮನ್ಯಾಗ ಹಲ್ಲು ತಿಕ್ಕುವಾಗ ರಕ್ತ ಉಗುಳ್ತಾಳ. ನಾ ಕಲಿಸಿಲ್ಲ ಅದನ್ನ."

ಹುಲಿಗೆಮ್ಮ ಸೆರಗಿನ ತುದಿ ಹಿಂಡಿದಳು.

"ನೀನೂ ಪಟ್ಟಿ ತಂದೀಯೇನು?" ಎಂದ.

"ಹೂಂ. ನಂದೂ ಎರಡು ಕೆಂಪಾಗ್ಯಾವು."

ಕೇಂದ್ರದವರು ಒಬ್ಬರ ಅಂಕವನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಇಷ್ಟು ದಿನ ಅವನ ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ: ತಾಯಿಯ ಕಡೆ ಕುಣಿಯುತ್ತ ಹೋಗುವ ಮಗಳು, ತನ್ನ ಕಡೆ ನಡುಗುತ್ತ ಬರುವ ಮಗಳು. ಹುಲಿಗೆಮ್ಮನೂ ಇದನ್ನೇ ತಿರುಗಿಸಿ ನೋಡುತ್ತ ಕೂತಿದ್ದಳು.

"ಅಂದ್ರ ಅಕಿ ನನಗ ಅಂಜೂದಿಲ್ಲ," ಎಂದ ಮೆಲ್ಲಗೆ.

"ನನಗೂ ಅಂಜೂದಿಲ್ಲ. ನಿನ್ನೆ ಎದ್ದ ಕೂಡ್ಲೆ ಏನ್ ಕೇಳಿದಳು ಗೊತ್ತೈತೇನು? ಮೂರು ಕೆಂಪಾದ್ರ ಅಪ್ಪನ್ನ ಪೊಲೀಸ್ರು ಒಯ್ತಾರೇನು ಅಂತ. ಆಮ್ಯಾಗ, ನನ್ನ ಒಯ್ತಾರೇನು ಅಂತ." ಹುಲಿಗೆಮ್ಮ ಮೂಗು ಒರೆಸಿಕೊಂಡಳು. "ಅದು ಪಟ್ಟಿಗಷ್ಟ ಅಂಜ್ತೈತಿ. ನಾವು ಅಳಬ್ಯಾಡ ಅಳಬ್ಯಾಡ ಅಂತ ಬಾಯಿ ಮುಚ್ಚಿಸಿ ಮುಚ್ಚಿಸಿ ಕಳಸ್ತೀವಿ."

ಆಗ ಅವನಿಗೆ ರಾಜಾಸಾಬನ ಮಾತಿನ ಉಳಿದರ್ಧ ಕೇಳಿಸಿತು. ಕೆಂಡ ಎಳೆದದ್ದೇ ಎಳೆದದ್ದು. ದಾರಿ ಮುಚ್ಚಿದ್ದು ತಾನೇ.

"ಅಳ್ಲಿ ಬಿಡು," ಎಂದ. "ಮೊದಲಿನ ಹತ್ತು ನಿಮಿಷ ಅವರು ಎಣಸಂಗಿಲ್ಲ. ಒಳಗ ಹೋದ ಕೂಡ್ಲೆ ಅತ್ತುಬಿಡ್ಲಿ. ಖಾಲಿ ಆಗ್ಲಿ. ಆಮ್ಯಾಗ ತಾನಾ ಇಳೀತೈತಿ."

"ತೊಂಬತ್ತೈದು ದಾಟಿದ್ರ?"

"ದಾಟಿದ್ರ ದಾಟ್ತೈತಿ. ಇಲ್ಲಂದ್ರ ಕೂಸು ಇನ್ನೊಮ್ಮೆ ಬಿದ್ರ ಏಳಂಗಿಲ್ಲ."

ಅದನ್ನು ಮಗಳಿಗೆ ಹೇಳಬೇಕಾದವರು ಯಾರು ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಕಳಿಸುವವರೇ ಹೇಳಬೇಕು. ಬರುವ ಭಾನುವಾರ ಅವನ ಮೂರನೆಯ ಅಂಕ. ಮಗಳು ತಾಯಿಯ ಕೈಯಿಂದ ಹೊರಡುತ್ತಾಳೆ. ಅದರ ಮುಂದಿನ ಭಾನುವಾರ ಹುಲಿಗೆಮ್ಮನ ಮೂರನೆಯದು. ಮಗಳು ಅವನ ಕೈಯಿಂದ ಹೊರಡುತ್ತಾಳೆ.

"ನಾ ಹೇಳ್ತೀನಿ," ಎಂದಳು ಹುಲಿಗೆಮ್ಮ. "ನೀ ಹೇಳ್ತಿಯೇನು?"

"ಹೇಳ್ತೀನಿ."

"ನೀ ಹೇಳಿದ್ದು ಎಷ್ಟು ನಡಸೀದಿ, ಲೆಕ್ಕ ಹಾಕ್ಲೇನು?"

"ಹಾಕು. ಬಸ್ಸು ತಪ್ತೈತಿ ನೋಡು, ಹೋಗು."

ಅವಳು ಕಣ ದಾಟಿ ಹೋದಳು. ಹಿಂತಿರುಗಿ ನೋಡಲಿಲ್ಲ.

* * *

ಗುರುವಾರದ ಹೊತ್ತಿಗೆ ಅವನ ನಂಬಿಕೆ ಸೋರತೊಡಗಿತು. ಅವಳು ಯಾಕೆ ಹೇಳುತ್ತಾಳೆ? ಹೇಳದಿದ್ದರೆ ಅವನಿಗೆ ಮೂರನೆಯ ಕೆಂಪು. ಅಲ್ಲಿಗೆ ಹಸ್ತಾಂತರವೇ ನಿಂತುಹೋಗುತ್ತದೆ, ಅವಳನ್ನು ಅಳೆಯುವವರೇ ಇರುವುದಿಲ್ಲ. ಮಗಳು ಪೂರಾ ಅವಳಿಗೆ. ಬಾಯಿ ಮುಚ್ಚಿಕೊಂಡು ಕೂತರೆ ಸಾಕು. ಕಣದ ಹತ್ತಿರ ಬಂದದ್ದೂ ಇದಕ್ಕೇ ಇರಬಹುದು, ತನ್ನನ್ನು ನಿದ್ದೆಗೆ ಹಾಕಲಿಕ್ಕೆ. ಶನಿವಾರ ಉಣ್ಣಲಿಲ್ಲ. "ನಾ ಆದ್ರ ಏನ್ ಮಾಡ್ತಿದ್ದೆ?" ಎಂದು ಒಮ್ಮೆ ತನ್ನನ್ನೇ ಕೇಳಿಕೊಂಡ. ಉತ್ತರ ಬರುವ ಮೊದಲೇ ಎದ್ದು ಹೊಟ್ಟು ತಳ್ಳಲಿಕ್ಕೆ ಹೋದ.

ಭಾನುವಾರ ಹನ್ನೊಂದು. ಪಶ್ಚಿಮದ ಕಾಯುವ ಕೋಣೆ. ಗಾಜಿನ ಆಚೆ ನಡುಕೋಣೆ. ಇಲ್ಲಿಂದ ಕಾಣುತ್ತದೆ, ಅಲ್ಲಿಂದ ಕಾಣುವುದಿಲ್ಲ, ಸದ್ದು ಇತ್ತ ಬರುವುದಿಲ್ಲ. ಗೋಡೆಯ ಮೇಲೆ ಅಂಕ ತೋರಿಸುವ ಪರದೆ. ಪೂರ್ವದ ಬಾಗಿಲು ತೆರೆದು ತನುಜಾ ಬಂದಳು. ಎರಡು ಜಡೆ, ನೀಲಿ ಫ್ರಾಕು. ಫರ್ಜಾನಾ ಮೇಡಂ ಮೂಲೆಯ ಕುರ್ಚಿಯಲ್ಲಿ.

ಅರವತ್ತೊಂದು. ಅರವತ್ತೆಂಟು. ಮಗಳು ನಡುಕೋಣೆಯ ನಡುವೆ ನಿಂತು ಪಟ್ಟಿ ನೋಡಿಕೊಂಡಳು. ಕೆನ್ನೆ ಉಬ್ಬಿಸಿದಳು.

ಹೇಳಿಲ್ಲ, ಎಂದುಕೊಂಡ ಯಮನೂರಪ್ಪ. ಹೇಳಿಲ್ಲ ಅಕಿ.

ಎಪ್ಪತ್ತೇಳು. ಆಮೇಲೆ ಕೆನ್ನೆ ಇಳಿಯಿತು, ಬಾಯಿ ತೆರೆಯಿತು. ತೆರೆದ ಬಾಯಿ ಮುಚ್ಚಲಿಲ್ಲ. ಸದ್ದಿಲ್ಲದ ಆ ಅಳುವನ್ನು ಅವನು ಗಾಜಿಗೆ ಅಂಗೈ ಒತ್ತಿ ನೋಡಿದ. ಮುಖ ಹಿಂಡಿಹೋಗಿತ್ತು, ಕತ್ತು ಕೆಂಪಾಗಿತ್ತು, ಎರಡೂ ಮುಷ್ಟಿ ಬಿಗಿದಿದ್ದವು. ಎಂಬತ್ತಾರು. ತಾಯಿ ಹೇಳಿದ್ದಕ್ಕೆ ಅಳುತ್ತಿದ್ದಾಳೋ, ತನ್ನ ಬಾಗಿಲು ಕಂಡು ಅಳುತ್ತಿದ್ದಾಳೋ? ಅಳುವಿನ ಮೇಲೆ ಹೆಸರು ಬರೆದಿರುತ್ತದೆಯೇ? ತೊಂಬತ್ತೊಂದು. ಫರ್ಜಾನಾ ಮೇಡಂ ಎದ್ದು ನಿಂತರು. ತೊಂಬತ್ಮೂರು. ಅವರ ಕೈ ಗೋಡೆಯ ಗುಂಡಿಯ ಹತ್ತಿರ ಹೋಯಿತು.

"ಒತ್ತಬ್ಯಾಡ್ರಿ," ಎಂದ ಯಮನೂರಪ್ಪ. ಕೇಳುವವರು ಯಾರೂ ಇರಲಿಲ್ಲ. "ಬ್ಯಾಡ್ರಿ ನಮ್ಮವ್ವ, ಒತ್ತಬ್ಯಾಡ್ರಿ."

ತೊಂಬತ್ನಾಲ್ಕು.

ಅಂಕ ಅಲ್ಲೇ ನಿಂತಿತು. ಅವನೂ ಉಸಿರು ಬಿಡಲಿಲ್ಲ. ಮಗಳು ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು, ಹಟ ಮಾಡುವ ಸಣ್ಣ ಕೂಸಿನ ಹಾಗೆ, ಕೂತು ಅತ್ತಳು. ತೊಂಬತ್ತು. ಎಂಬತ್ತೊಂದು. ಫ್ರಾಕಿನ ಅಂಚಿನಿಂದ ಮೂಗು ಒರೆಸಿಕೊಂಡಳು. ಬಿಕ್ಕಿದಳು. ಎಂಟನೆಯ ನಿಮಿಷಕ್ಕೆ ಮೇಡಮ್ಮಿಗೆ ಏನೋ ಹೇಳಿ ನೀರು ಕುಡಿದಳು. ಎಪ್ಪತ್ತೆರಡು. ಹತ್ತನೆಯ ನಿಮಿಷಕ್ಕೆ ಅರವತ್ತು. ಕೊನೆಯ ಎರಡು ನಿಮಿಷ ಮೂಲೆಯಲ್ಲಿದ್ದ ಪ್ಲಾಸ್ಟಿಕ್ಕಿನ ಆನೆಯ ಸೊಂಡಿಲು ತಿರುವುತ್ತ ನಿಂತಿದ್ದಳು. ಪರದೆಯ ಮೇಲೆ ಹಸಿರು. ನಲವತ್ತೊಂಬತ್ತು.

ಬಾಗಿಲು ತೆರೆದು ಮಗಳು ಬಂದಾಗ ಅವನು ಅವಳ ಎತ್ತರಕ್ಕೆ ಬಗ್ಗಿದ.

"ಅವ್ವ ಏನ್ ಹೇಳಿದಳವ್ವ?" ಎಂದ, ಅವಳ ಒದ್ದೆ ಮುಖ ಒರೆಸುತ್ತ.

"ಆ ಮನಿ ಮಾತು ಹೇಳಂಗಿಲ್ಲ," ಎಂದಳು ತನುಜಾ. ಆದರೆ ಅವನ ಮುಖವನ್ನೇ ಹುಡುಕಿ ಹುಡುಕಿ ನೋಡಿದಳು, ಅತ್ತದ್ದಕ್ಕೆ ಬಯ್ಯುತ್ತಾನೋ ಏನೋ ಎಂದು.

* * *

ಹುಲಿಗೆಮ್ಮ ಮಾತು ನಡೆಸಿದ್ದಳು. ಅದು ಅವನಿಗೆ ಖುಷಿ ತರಬೇಕಿತ್ತು. ಸೋಮವಾರ ತಂದಿತು ಕೂಡ. ಮಗಳು ಮಿರ್ಚಿ ಮಂಡಕ್ಕಿ ತಿಂದಳು, ಕತ್ತಿನ ನಾಡಿ ಮುಟ್ಟಿಕೊಳ್ಳಲಿಲ್ಲ. ಅವನು ನಕಲಿ ಪಟ್ಟಿಯನ್ನು ಮಿಲ್ಲಿಗೆ ಒಯ್ದು ಬೆಂಕಿಗೆ ಹಾಕಿದ.

ಮಂಗಳವಾರ ಆ ಯೋಚನೆ ಬಂತು. ಬಾಗಿಲು ತಟ್ಟಿ ಬರಲಿಲ್ಲ, ಒಳಗೇ ಇದ್ದದ್ದು ಎದ್ದು ಕೂತಂತೆ ಬಂತು. ಬರುವ ಭಾನುವಾರ ಹುಲಿಗೆಮ್ಮನ ಮೂರನೆಯದು. ನಡುವೆ ಹಸಿರು ಬಂದದ್ದರಿಂದ ತನ್ನ ಕೆಂಪು ಈಗ ಅಳಿಸಿಹೋಗಿದೆ. ಸುಳ್ಳು ಹೇಳಬೇಕಾಗಿಲ್ಲ, ಯಾರಿಗೂ ಕೈ ಎತ್ತಬೇಕಾಗಿಲ್ಲ. ಏನೂ ಹೇಳದಿದ್ದರೆ ಸಾಕು. ಮಗಳು ಈ ಮನೆಯ ನಿಯಮವನ್ನೇ ನಡೆಸುತ್ತಾಳೆ. ಇಲ್ಲಿಯ ನಿಯಮ ಉಸಿರು ಹಿಡಿಯುವುದು. ಅಂಕ ಏರುತ್ತದೆ. ಬಾಗಿಲು ತಿರುಗಿ ತೆರೆಯುತ್ತದೆ. ತನುಜಾ ಒಂದು ವರ್ಷ ಈ ಮನೆಯಲ್ಲಿ, ಆಮೇಲೆ ಯಾರಿಗೆ ಗೊತ್ತು, ಪೂರಾ ಇಲ್ಲೇ.

ಬುಧವಾರ ಅವನು ಮಗಳ ಜಡೆ ಹಾಕುತ್ತ ಅದನ್ನೇ ಯೋಚಿಸಿದ. ಗುರುವಾರ ಮಗಳ ಕೈ ಮತ್ತೆ ಕತ್ತಿಗೆ ಹೋಯಿತು, ಎರಡು ಬೆರಳು, ತುಟಿಯಲ್ಲಿ ಎಣಿಕೆ. ಈಗಲೇ ಹೇಳಿಬಿಡಬೇಕು ಎಂದುಕೊಂಡ. ಬಾಯಿ ತೆರೆದ.

"ಏನಪ್ಪಾ?"

"ಏನಿಲ್ಲ. ಹಾಲು ಕುಡಿ."

ಹಾಗೆಂದದ್ದು ತಾನೇ ಎಂದು ಅವನಿಗೆ ನಂಬಿಕೆ ಬರಲಿಲ್ಲ. ಒಂದೂವರೆ ವರ್ಷ ಅವನು ಯಂತ್ರಕ್ಕೆ ಅಂಜಿದ್ದ, ಕೋರ್ಟಿಗೆ ಅಂಜಿದ್ದ, ಹೆಂಡತಿಗೆ ಅಂಜಿದ್ದ. ಈಗ ಅಡುಗೆಮನೆಯಲ್ಲಿ ಲೋಟ ಹಿಡಿದು ನಿಂತ ಈ ಗಂಡಸಿಗೆ ಅಂಜಿದ. ತಾಟು ಒಗೆದವನು ಒಂದು ಕ್ಷಣದ ಸಿಟ್ಟಿನವನು. ಇವನು ಮೂರು ದಿನದಿಂದ ತಣ್ಣಗೆ ಯೋಚಿಸುತ್ತಿರುವವನು.

ಶುಕ್ರವಾರ ಹೇಳಲಿಲ್ಲ. ಶನಿವಾರ ಹೇಳಲಿಲ್ಲ.

ಭಾನುವಾರ ಕೇಂದ್ರದಲ್ಲಿ ಮಗಳಿಗೆ ಪಟ್ಟಿ ಕಟ್ಟಿದರು. ಒಳಗೆ ಬಿಡುವ ಮುಂಚೆ ಐದು ನಿಮಿಷ ತಂದೆಯ ಜೊತೆ. ನೆಲದ ಮೇಲೆ ಹಳದಿ ಗೆರೆ. ಗಂಟೆ ಬಾರಿಸಿದ ಮೇಲೆ ಮಗು ಗೆರೆ ದಾಟುತ್ತದೆ, ದೊಡ್ಡವರು ದಾಟುವಂತಿಲ್ಲ. ದಾಟಿದರೆ ಮುಂದಿನ ಎರಡು ಪಾಳಿ ರದ್ದು.

"ಅಪ್ಪಾ," ಎಂದಳು ತನುಜಾ. ಏನೋ ಕೇಳಬೇಕೆಂದವಳು ಕೇಳಲಿಲ್ಲ. ಅವನ ಮುಖ ನೋಡುತ್ತ ಕಾದಳು.

ಅವನು ಅವಳ ಕಾಲರ್ ಸರಿಮಾಡಿದ. ಸರಿಯಿದ್ದದ್ದನ್ನೇ ಮತ್ತೆ ಸರಿಮಾಡಿದ. ಗಂಟಲಿನಲ್ಲಿ ಮಾತಿತ್ತು. ಅದು ಹೊರಗೆ ಬಂದರೆ ಮಗಳು ಹೋಗುತ್ತಾಳೆ. ಬರದಿದ್ದರೆ ಉಳಿಯುತ್ತಾಳೆ. ಇಷ್ಟೇ ಇದ್ದದ್ದು.

ಗಂಟೆ ಬಾರಿಸಿತು.

ಮಗಳು ತಿರುಗಿ ನಡೆದಳು. ಗೆರೆ ದಾಟುತ್ತಲೇ ಕೆನ್ನೆ ಉಬ್ಬಿತು. ಹಿಂದಿನಿಂದ ಅವನಿಗೆ ಕಂಡದ್ದು ಅವಳ ಕಿವಿಯ ಹಿಂಭಾಗ ಮಾತ್ರ. ಅದು ಬಿಳಿಚಿಕೊಳ್ಳುವುದು ಕಂಡಿತು. ಭುಜ ಮೇಲಕ್ಕೆ ಬಿಗಿಯಿತು. ಒಂದು ಹೆಜ್ಜೆ, ಎರಡು ಹೆಜ್ಜೆ. ಬಾಗಿಲು ತೆರೆಯಿತು.

ಯಮನೂರಪ್ಪ ಗೆರೆ ದಾಟಿದ.

"ಏ, ಏ," ಎಂದ ಬಾಗಿಲು ಕಾಯುವ ಸಿಪಾಯಿ. ಮೇಲೆ ಕೆಂಪು ದೀಪ ಹೊತ್ತಿತು. ಯಮನೂರಪ್ಪ ಮಗಳ ಮುಂದೆ ಮೊಣಕಾಲೂರಿ ಅವಳ ಎರಡೂ ತೋಳು ಹಿಡಿದಿದ್ದ.

"ಉಸುರು ಬಿಡು. ಬಿಡವ್ವ, ಬಿಡು. ನಾ ಹೇಳಿದ್ದು ತಪ್ಪು. ಒಳಗ ಹೋಗಿ ಅಳು ಬಂದಷ್ಟೂ ಅತ್ತುಬಿಡು. ಈ ಮನ್ಯಾಗೂ ಅದ ನಿಯಮ ಇನ್ಮ್ಯಾಲ. ಕೇಳಸ್ತೇನು?"

"ನಿನ್ನ ಪೊಲೀಸ್ರು ಒಯ್ಯಂಗಿಲ್ಲ?"

"ಇಲ್ಲ."

"ಅವ್ವನ್ನ?"

"ಅವ್ವನ್ನೂ ಒಯ್ಯಂಗಿಲ್ಲ. ಹೋಗು, ಅವ್ವ ಕಾಯ್ತಾಳ."

ಸಿಪಾಯಿ ಅವನ ರಟ್ಟೆ ಹಿಡಿದು ಎಳೆದ. ಬಾಗಿಲು ಮುಚ್ಚಿತು. ಮುಚ್ಚುವ ಮುಂಚೆ ಒಳಗಿನಿಂದ ಅಳುವಿನ ಮೊದಲ ಸದ್ದು ಬಂತು, ಆಮೇಲೆ ಏನೂ ಇಲ್ಲ.

ನಿಯಮ ಮುರಿದವರಿಗೆ ಕಾಯುವ ಕೋಣೆ ಇಲ್ಲ. ಅವನನ್ನು ಪಶ್ಚಿಮದ ಗೇಟಿನ ಹೊರಗೆ ಬಿಟ್ಟರು. ಅಂಕ ಹುಲಿಗೆಮ್ಮನದು, ಅದನ್ನು ಅವನಿಗೆ ಯಾರೂ ಹೇಳುವುದಿಲ್ಲ. ಗೊತ್ತಾಗುವ ದಾರಿ ಒಂದೇ. ಇದು ಮೂರನೆಯದು, ಕೆಂಪು ಬಂದರೆ ಮಗಳನ್ನು ಇದೇ ಗೇಟಿನಿಂದ ತಿರುಗಿ ಅವನ ಕೈಗೆ ಕೊಡುತ್ತಾರೆ. ಇನ್ನೂ ಮೊದಲೇ ಹೇಳಿದ್ದರೆ ಮಗಳಿಗೆ ಅಳಲಿಕ್ಕೆ ಹೊತ್ತು ಸಿಗುತ್ತಿತ್ತೇನೋ. ಈ ಗದ್ದಲವನ್ನೂ ಹೊತ್ತುಕೊಂಡು ಒಳಗೆ ಹೋಗಿದ್ದಾಳೆ. ತೊಂಬತ್ತೈದು ಎಷ್ಟು ಹತ್ತಿರವಿರುತ್ತದೆ ಎಂದು ಅವನು ನೋಡಿದ್ದ.

ಬಿಸಿಲಿತ್ತು. ಎದುರಿನ ಗೂಡಂಗಡಿಯವನು ಸೋಡಾ ಬೇಕೇನಣ್ಣ ಎಂದ. ಯಮನೂರಪ್ಪ ಗೇಟಿನ ಚಿಲಕದ ಮೇಲಿಂದ ಕಣ್ಣು ತೆಗೆಯಲಿಲ್ಲ. ಐದು ನಿಮಿಷ. ಒಂಬತ್ತು ನಿಮಿಷ. ಒಳಗೆ ಹೆಜ್ಜೆ ಸಪ್ಪಳವಾಗಿ ದೂರ ಹೋಯಿತು. ಹನ್ನೆರಡು ನಿಮಿಷ. ಮಗಳ ಮುಖ ನೋಡದೆ ಐದು ವಾರ ಇರಬೇಕು ಅವನು, ಆದರೂ ಬೇಡಿಕೊಂಡದ್ದು ಒಂದನ್ನೇ: ಬರಬ್ಯಾಡವ್ವ, ಈ ಕಡೆ ಬರಬ್ಯಾಡ.

ಹದಿನೈದನೆಯ ನಿಮಿಷಕ್ಕೆ ಚಿಲಕ ಸರಿಯಿತು. ಸಿಪಾಯಿ ಹೊರಗೆ ಬಂದ. ಯಮನೂರಪ್ಪ ಅವನ ಹಿಂದೆ ನೋಡಿದ, ಸೊಂಟದ ಎತ್ತರಕ್ಕೆ, ಎರಡು ಜಡೆ ಇರುವ ಎತ್ತರಕ್ಕೆ. ಯಾರೂ ಇರಲಿಲ್ಲ.

"ಹುಡುಗಿ?"

"ಆ ಕಡೆ ಹೋತು," ಎಂದ ಸಿಪಾಯಿ, ಕಾಗದ ಮುಂದೆ ಹಿಡಿಯುತ್ತ. "ಗೆರಿ ದಾಟಿದ್ದಕ್ಕ ಎರಡು ಪಾಳಿ ರದ್ದು. ಇಲ್ಲಿ ಸಹಿ ಮಾಡ್ರಿ. ಹಿಂಗ ಮಾಡಬಾರದ್ರಿ ಯಜಮಾನ್ರ, ಲುಕ್ಸಾನ ನಿಮಗ."

ಯಮನೂರಪ್ಪ ಪೆನ್ನು ಇಸಿದುಕೊಂಡ. ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಮಾಡಿದ.